ಸಾಲ ಸಿಕ್ಕರೆ ಬಡತನ ನೀಗುವುದೇ?

ನಮ್ಮ ಮೊಹಲ್ಲಾಗಳಲ್ಲಿ ವಾರಕ್ಕೊಮ್ಮೆ ನಡೆಯುವ ಒಂದು ಸಭೆಯ ಬಗ್ಗೆ ನಾವು ಬಹಿರಂಗವಾಗಿ ಹೆಚ್ಚು ಮಾತಾಡುವುದಿಲ್ಲ. ಬೆಳಗಿನ ಹೊತ್ತು ಯಾರದೋ ಮನೆಯ ಜಗಲಿಯಲ್ಲಿ ಹತ್ತಿಪ್ಪತ್ತು ಹೆಂಗಸರು ಸೇರುತ್ತಾರೆ. ಬೈಕಿನಲ್ಲಿ ಬಂದ ಹುಡುಗ ಒಬ್ಬೊಬ್ಬರ ಹೆಸರು ಕರೆದು ಹಣ ಎಣಿಸಿಕೊಳ್ಳುತ್ತಾನೆ, ಕಾರ್ಡಿನಲ್ಲಿ ಗುರುತು ಹಾಕುತ್ತಾನೆ. ಯಾರದಾದರೂ ಕಂತು ಕಡಿಮೆ ಬಿದ್ದರೆ ಉಳಿದವರು ಕೂಡಿಸಿ ಕೊಡುವವರೆಗೆ ಸಭೆ ಮುಗಿಯುವುದಿಲ್ಲ. ಜನರ ಬಾಯಲ್ಲಿ ಇದು 'ಸಂಘದ ಸಾಲ'.

ಬಡ್ಡಿ ನಿಷಿದ್ಧ ಎಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಆದರೂ ಆ ಜಗಲಿಯಲ್ಲಿ ನಮ್ಮ ತಾಯಂದಿರಿದ್ದಾರೆ, ಸಹೋದರಿಯರಿದ್ದಾರೆ. ಅನೇಕ ಸಲ ಮನೆಯ ಗಂಡಸರ ವ್ಯಾಪಾರಕ್ಕೋ ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ ಅವರು ತಮ್ಮ ಹೆಸರಿನಲ್ಲಿ ಸಾಲ ತಂದಿರುತ್ತಾರೆ. 'ತರಬೇಡಿ' ಎಂದು ಹೇಳುವುದು ಸುಲಭ. ಆದರೆ ಅವರು ಅಲ್ಲಿಗೆ ಹೋದದ್ದು ಏಕೆ, ಆ ಸಾಲ ಏನು ಮಾಡಿತು, ಬದಲಿಗೆ ನಾವು ಏನು ಕೊಡಬಲ್ಲೆವು ಎಂಬ ಪ್ರಶ್ನೆಗಳಿಗೂ ಉತ್ತರ ಬೇಕಲ್ಲವೇ? ಬಡವರಿಗೆ ಹಣಕಾಸು ತಲುಪುವ ಬಗೆಯನ್ನು ಅರ್ಥಶಾಸ್ತ್ರಜ್ಞರು ಹಲವು ವರ್ಷಗಳಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಅದರಲ್ಲಿ ಬಹಳಷ್ಟು ನಡೆದದ್ದು ನಮ್ಮ ದೇಶದಲ್ಲಿಯೇ. ಒಂದು ಅಧ್ಯಯನವಂತೂ ನಮ್ಮ ಕರ್ನಾಟಕದ ಮುಸ್ಲಿಮರ ಬಗ್ಗೆಯೇ ಇದೆ. ಸಾಲದ ಶರೀಅತ್ ವಿಧಿಯನ್ನು ಉಲಮಾಗಳಿಂದ ತಿಳಿಯೋಣ. ಇಲ್ಲಿ ನೋಡುವುದು ಸಂಶೋಧನೆಗಳು ಕಂಡುಕೊಂಡ ಸಂಗತಿಗಳನ್ನು ಮಾತ್ರ.

ಬ್ಯಾಂಕಿನ ಬಾಗಿಲು

1969ರಲ್ಲಿ 14 ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1977ರಿಂದ 1990ರವರೆಗೆ ಒಂದು ನಿಯಮವಿತ್ತು: ಈಗಾಗಲೇ ಬ್ಯಾಂಕ್ ಇರುವ ಊರಿನಲ್ಲಿ ಒಂದು ಹೊಸ ಶಾಖೆ ತೆರೆಯಬೇಕಾದರೆ, ಬ್ಯಾಂಕೇ ಇಲ್ಲದ ನಾಲ್ಕು ಊರುಗಳಲ್ಲಿ ಶಾಖೆ ತೆರೆಯಬೇಕು. ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ ಈ ನಿಯಮದ ಫಲವನ್ನು ಅಳೆದು 2005ರಲ್ಲಿ ಪ್ರಕಟಿಸಿದರು. ಹಳ್ಳಿಗಳಲ್ಲಿ ಶಾಖೆಗಳು ಹೆಚ್ಚಿದಂತೆ ಗ್ರಾಮೀಣ ಬಡತನ ಕಡಿಮೆಯಾಗಿತ್ತು. ಸಾಲದ ಮರುಪಾವತಿ ಮಾತ್ರ ಕಳಪೆಯಾಗಿತ್ತು. ಸರ್ಕಾರಕ್ಕೆ ಅದು ದುಬಾರಿ ಯೋಜನೆಯೇ. ಆದರೂ ಬ್ಯಾಂಕ್ ಹತ್ತಿರವಿರುವುದು ಬಡವರ ಬದುಕನ್ನು ಬದಲಿಸಬಲ್ಲದು ಎಂಬುದು ಸ್ಪಷ್ಟವಾಯಿತು.

ಆದರೆ ಶಾಖೆ ಹತ್ತಿರವಿದ್ದ ಮಾತ್ರಕ್ಕೆ ಎಲ್ಲರಿಗೂ ಅದರ ಬಾಗಿಲು ತೆರೆದಿರುವುದಿಲ್ಲ. 2006ರ ನವೆಂಬರ್‌ನಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು ಇದನ್ನು ನೇರವಾಗಿ ಹೇಳಿತು. ಅಲ್ಪಸಂಖ್ಯಾತರಿಗೆ ಸಾಲ ತಲುಪಿಸಲು ಹಾಕಿಕೊಂಡ ಕಾರ್ಯಕ್ರಮಗಳ ಲಾಭ ಹೆಚ್ಚಾಗಿ ಇತರ ಅಲ್ಪಸಂಖ್ಯಾತರಿಗೆ ಹೋಗಿ, ಮುಸ್ಲಿಮರು ಅಂಚಿನಲ್ಲೇ ಉಳಿದಿದ್ದರು. ಮುಸ್ಲಿಮರು ಹೆಚ್ಚಾಗಿರುವ ಕೆಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು 'ನಕಾರಾತ್ಮಕ ವಲಯ' ಎಂದು ಗುರುತಿಸಿ ಅಲ್ಲಿ ಸುಲಭವಾಗಿ ಸಾಲ ಕೊಡುತ್ತಿರಲಿಲ್ಲ ಎಂಬುದೂ ವರದಿಯಲ್ಲಿದೆ. ವ್ಯಕ್ತಿ ಎಷ್ಟೇ ನಂಬಿಗಸ್ತನಾಗಿದ್ದರೂ ಅವನ ಬೀದಿಯ ಹೆಸರೇ ಅರ್ಜಿಗೆ ಅಡ್ಡ ಬರುತ್ತಿತ್ತು.

ಹೀಗಾಗಲು ಕಾರಣವೇನು? ರೇಮಂಡ್ ಫಿಸ್ಮನ್ ಮತ್ತು ಅವರ ಸಂಗಡಿಗರ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯದು 2017ರದು. ನಮ್ಮ ದೇಶದ ಸರ್ಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿಗಳು ನಿಯಮದ ಪ್ರಕಾರ ವರ್ಗವಾಗುತ್ತಿದ್ದರು. ಸಾಲ ಕೇಳುವವರ ಧರ್ಮ ಅಥವಾ ಜಾತಿಗೇ ಸೇರಿದ ಅಧಿಕಾರಿ ಬಂದಾಗ ಆ ಗುಂಪಿನವರಿಗೆ ಹೆಚ್ಚು ಸಾಲ ಸಿಗುತ್ತಿತ್ತು. ಇದು ಬರೀ ಪಕ್ಷಪಾತವಾಗಿದ್ದರೆ ಆ ಸಾಲಗಳು ಹೆಚ್ಚು ಮುಳುಗಬೇಕಿತ್ತು. ಆದರೆ ಅವು ಇನ್ನೂ ಚೆನ್ನಾಗಿ ಮರುಪಾವತಿಯಾದವು. ತನ್ನ ಸಮಾಜದ ಜನರ ಕಸುಬು, ವ್ಯವಹಾರ, ಮನೆತನ ಅಧಿಕಾರಿಗೆ ಅರ್ಥವಾಗುತ್ತಿತ್ತು ಎಂಬುದು ಅವರ ತೀರ್ಮಾನ. ಪರಿಚಯವಿಲ್ಲದ ಕಡೆ ಒಳ್ಳೆಯ ಸಾಲಗಾರನೂ ಅಧಿಕಾರಿಯ ಕಣ್ಣಿಗೆ ಬೀಳುವುದಿಲ್ಲ.

2020ರ ಎರಡನೆಯ ಅಧ್ಯಯನ ಮನಸ್ಸಿಗೆ ಭಾರವಾಗುವಂಥದ್ದು. ಬ್ಯಾಂಕ್ ಸೇರುವ ಮೊದಲೇ ಕೋಮು ಗಲಭೆಯನ್ನು ಹತ್ತಿರದಿಂದ ಕಂಡಿದ್ದ ಹಿಂದೂ ಮ್ಯಾನೇಜರುಗಳು ಮುಸ್ಲಿಮರಿಗೆ ಹೋಲಿಕೆಯಲ್ಲಿ ಕಡಿಮೆ ಸಾಲ ಕೊಟ್ಟಿದ್ದರು. ಅವರು ಕೊಟ್ಟ ಅಷ್ಟಿಷ್ಟು ಸಾಲದಲ್ಲಿ ಮುಸ್ಲಿಮ್ ಸಾಲಗಾರರು ಸುಸ್ತಿಯಾದದ್ದೂ ಕಡಿಮೆ. ಅಂದರೆ ತೀರಾ ಗಟ್ಟಿ ಅರ್ಜಿಗಳಷ್ಟೇ ಅವರ ಮೇಜನ್ನು ದಾಟಿದ್ದವು. ಉಳಿದ ಅರ್ಹರು ಬರಿಗೈಯಲ್ಲಿ ಮರಳಿದ್ದರು. ಬೀದಿಯಲ್ಲಿ ಒಂದು ದಿನ ಹೊತ್ತಿದ ಬೆಂಕಿ ವರ್ಷಗಳ ನಂತರ, ಬೇರೆ ಊರಿನ ಬ್ಯಾಂಕಿನಲ್ಲಿ, ಗಲಭೆಯ ಸುದ್ದಿಯನ್ನೇ ಕೇಳದ ದರ್ಜಿಯೊಬ್ಬನ ಅರ್ಜಿಯನ್ನು ಸುಡುತ್ತದೆ. ಸೌಹಾರ್ದ ಕಾಪಾಡುವುದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಹೈದರಾಬಾದಿನ 104 ಬಡಾವಣೆಗಳು

ಬ್ಯಾಂಕಿನ ಬಾಗಿಲು ಮುಚ್ಚಿದ್ದಲ್ಲಿಗೆ ಮೈಕ್ರೋಫೈನಾನ್ಸ್ ಬಂತು. ಅಡಮಾನ ಬೇಡ, ಜಾಮೀನುದಾರ ಬೇಡ, ಮನೆ ಬಾಗಿಲಿಗೇ ಹಣ. ಇದು ಬಡತನವನ್ನೇ ಅಳಿಸಿಹಾಕುತ್ತದೆ ಎಂಬ ಭರವಸೆ ಜಗತ್ತಿನಲ್ಲೆಲ್ಲ ಇತ್ತು. ಅದನ್ನು ಪರೀಕ್ಷಿಸಲು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ, ರೇಚಲ್ ಗ್ಲೆನರ್ಸ್ಟರ್ ಮತ್ತು ಸಿಂಥಿಯಾ ಕಿನ್ನನ್ ಹೈದರಾಬಾದನ್ನು ಆರಿಸಿಕೊಂಡರು. ಮೊದಲ ಇಬ್ಬರಿಗೆ 2019ರಲ್ಲಿ ಮೈಕೆಲ್ ಕ್ರೆಮರ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಅವರ ವಿಧಾನ ಸರಳವಾಗಿತ್ತು. 104 ಬಡ ಬಡಾವಣೆಗಳ ಪಟ್ಟಿ ಮಾಡಿ, ಚೀಟಿ ಎತ್ತಿದಂತೆ ಅದರಲ್ಲಿ 52ನ್ನು ಆರಿಸಿದರು. ಆ 52ರಲ್ಲಿ ಸ್ಪಂದನ ಎಂಬ ಸಂಸ್ಥೆ ಸಾಲ ಕೊಡಲು ಶುರು ಮಾಡಿತು. ಉಳಿದ 52ಕ್ಕೆ ಆಗ ಹೋಗಲಿಲ್ಲ. ಚೀಟಿ ಎತ್ತಿ ಆರಿಸಿದ್ದರಿಂದ ಎರಡೂ ಕಡೆಯ ಜನ ಮೊದಲಿಗೆ ಒಂದೇ ತರಹದವರು. ಮುಂದೆ ಕಾಣುವ ವ್ಯತ್ಯಾಸ ಸಾಲದ್ದೇ ಎಂದು ಧೈರ್ಯವಾಗಿ ಹೇಳಬಹುದು. ಹದಿನೈದರಿಂದ ಹದಿನೆಂಟು ತಿಂಗಳ ನಂತರ 6,800ಕ್ಕೂ ಹೆಚ್ಚು ಮನೆಗಳಿಗೆ ಹೋಗಿ ವಿಚಾರಿಸಿದರು.

ಸಾಲದ ಲೆಕ್ಕವನ್ನೂ ಇಲ್ಲಿ ನೋಡಬೇಕು. ಮೊದಲ ಸಾಲ 10,000 ರೂಪಾಯಿ, 50 ವಾರಗಳ ಕಂತು, 'ಶೇ. 12 ಫ್ಲಾಟ್' ಬಡ್ಡಿ. ಅಂದರೆ 1,200 ರೂಪಾಯಿ ಬಡ್ಡಿ. ಕೇಳಲು ಕಡಿಮೆ. ಆದರೆ ಪ್ರತಿ ವಾರ ಅಸಲು ಕಟ್ಟುತ್ತಾ ಹೋಗುವುದರಿಂದ ವರ್ಷವಿಡೀ 10,000 ರೂಪಾಯಿ ನಮ್ಮ ಕೈಯಲ್ಲಿರುವುದಿಲ್ಲ. ಸರಾಸರಿ ನೋಡಿದರೆ ಇರುವುದು ಸುಮಾರು 5,000. ಅದಕ್ಕೆ 1,200 ಎಂದರೆ ನಿಜವಾದ ಬಡ್ಡಿ ಸುಮಾರು ಶೇ. 24. 'ಫ್ಲಾಟ್' ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ಹೆಚ್ಚುಕಡಿಮೆ ಎರಡರಿಂದ ಗುಣಿಸಿ ನೋಡುವುದು ಒಳ್ಳೆಯದು.

ಫಲಿತಾಂಶವೇನು? ಸಾಲ ಸಿಗುತ್ತಿದ್ದ ಬಡಾವಣೆಗಳಲ್ಲೂ ಯಾವುದಾದರೊಂದು ಮೈಕ್ರೋಫೈನಾನ್ಸ್ ಸಾಲ ಪಡೆದವರು ಸುಮಾರು ಶೇ. 27 ಮನೆಗಳು ಮಾತ್ರ. ಉಳಿದ ಬಡಾವಣೆಗಳಲ್ಲಿ ಅದು ಶೇ. 18. ಬಡವರೆಲ್ಲ ಇಂಥ ಸಾಲಕ್ಕೆ ಕಾಯುತ್ತಿದ್ದಾರೆ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ಸಾಲ ಪಡೆದವರಲ್ಲಿ ಕೆಲವರು ವ್ಯಾಪಾರಕ್ಕೆ ಹೆಚ್ಚು ಬಂಡವಾಳ ಹಾಕಿದರು. ಹೊಲಿಗೆ ಯಂತ್ರ, ಫ್ರಿಜ್‌ನಂಥ ಬಾಳಿಕೆಯ ವಸ್ತುಗಳಿಗೆ ಹಣ ಹೋಯಿತು. ಚಹಾ, ತಂಬಾಕು, ಹೊರಗಿನ ತಿಂಡಿಯ ಖರ್ಚು ಕಡಿಮೆಯಾಯಿತು. ಆದರೆ ಮನೆಯ ಒಟ್ಟು ಖರ್ಚು-ವೆಚ್ಚದ ಮಟ್ಟ ಏರಲಿಲ್ಲ. ಮಕ್ಕಳ ಶಿಕ್ಷಣ, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗಿರುವ ಬೆಲೆ, ಯಾವುದರಲ್ಲೂ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ ಮತ್ತು ಮೊರಾಕ್ಕೊಗಳಲ್ಲಿ ನಡೆದ ಇಂಥದೇ ಅಧ್ಯಯನಗಳು ಇದರ ಜೊತೆಗೇ 2015ರಲ್ಲಿ ಪ್ರಕಟವಾದವು. ಅವೂ ಹೆಚ್ಚುಕಡಿಮೆ ಇದನ್ನೇ ಹೇಳಿದವು: ಅಲ್ಪಸ್ವಲ್ಪ ಒಳಿತಿದೆ, ಬದುಕನ್ನೇ ಬದಲಿಸುವ ಪವಾಡವಿಲ್ಲ.

ಒಂದು ಗುಂಪು ಮಾತ್ರ ಭಿನ್ನವಾಗಿತ್ತು. ಮೈಕ್ರೋಫೈನಾನ್ಸ್ ಬರುವ ಮೊದಲೇ ಸಣ್ಣ ವ್ಯಾಪಾರ ನಡೆಸುತ್ತಿದ್ದವರ ಕಥೆ ಅದು. ಸುಮಾರು ಆರು ವರ್ಷಗಳ ನಂತರ ನೋಡಿದಾಗಲೂ ಅವರ ವ್ಯಾಪಾರ ಹಿರಿದಾಗಿತ್ತು. ಸಾಲ ಸಿಕ್ಕಿತೆಂದು ಹೊಸದಾಗಿ ಅಂಗಡಿ ಹಾಕಿದವರಿಗೆ ಆ ಲಾಭ ಸಿಗಲಿಲ್ಲ.

ಹಾಗಾದರೆ ಇಂಥ ಸಾಲ ನಿಂತರೆ ಯಾರಿಗೂ ನಷ್ಟವಿಲ್ಲವೇ? ಹಾಗೂ ಹೇಳುವಂತಿಲ್ಲ. 2010ರ ಅಕ್ಟೋಬರ್‌ನಲ್ಲಿ ಆಂಧ್ರ ಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದಾಗ ಅಲ್ಲಿ ವಸೂಲಿ ನಿಂತುಹೋಯಿತು. ಆ ನಷ್ಟದಿಂದ ಸಂಸ್ಥೆಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿತ ಮಾಡಿದವು. ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಪರಿಶೀಲಿಸಿದಾಗ ಅಂಥ ಜಿಲ್ಲೆಗಳಲ್ಲಿ ಕೂಲಿಯ ದರವೂ ಮನೆಗಳ ಖರ್ಚೂ ಇಳಿದಿದ್ದವು. ಸಾಲ ಪಡೆಯದ ಕೂಲಿಯವನಿಗೂ ಪೆಟ್ಟು ಬಿದ್ದಿತ್ತು. ಇರುವ ದಾರಿಯನ್ನು ಒಮ್ಮೆಲೇ ಮುಚ್ಚುವ ಮೊದಲು ಇನ್ನೊಂದು ದಾರಿ ತೆರೆದಿರಬೇಕು ಎಂಬುದು ಇದರ ಪಾಠ.

ಕೋಲಾರ, 2009

ಈ ಪಾಠವನ್ನು ನಾವು ನಮ್ಮ ರಾಜ್ಯದಲ್ಲಿಯೇ ಅನುಭವಿಸಿದ್ದೇವೆ. 2009ರ ಆರಂಭದಲ್ಲಿ ಕೋಲಾರದ ಅಂಜುಮನ್, ಮುಸ್ಲಿಮರು ಮೈಕ್ರೋಫೈನಾನ್ಸ್ ಸಂಸ್ಥೆಗಳಿಗೆ ಕಂತು ಕಟ್ಟಬಾರದೆಂದು ಕರೆ ಕೊಟ್ಟಿತು. ರಾಮನಗರ, ಶಿಡ್ಲಘಟ್ಟ, ಮೈಸೂರು ಕಡೆಗಳಲ್ಲೂ ಮರುಪಾವತಿ ನಿಂತಿತು. ಇವುಗಳಲ್ಲಿ ಹೆಚ್ಚಿನವು ರೇಷ್ಮೆಯ ಊರುಗಳು. ರೇಷ್ಮೆ ಕಸುಬು ಸೊರಗಿತ್ತು. ಒಂದೇ ಮನೆಗೆ ಮೂರು-ನಾಲ್ಕು ಸಂಸ್ಥೆಗಳು ಸಾಲ ಕೊಟ್ಟಿದ್ದವು. ಒಂದರ ಕಂತಿಗೆ ಇನ್ನೊಂದರ ಸಾಲ ಎಂಬಂತಾಗಿತ್ತು. ಕರೆಯ ಹಿಂದೆ ಜನರ ನಿಜವಾದ ಸಂಕಟವಿತ್ತು.

ಝೇವಿಯರ್ ಜಿನೆ, ಕರುಣಾ ಕೃಷ್ಣಸ್ವಾಮಿ ಮತ್ತು ಅಲೆಹಾಂದ್ರೊ ಪೊನ್ಸೆ ಈ ಘಟನೆಯನ್ನೇ ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. ಒಬ್ಬರಿಗೊಬ್ಬರು ಹೊಣೆಯಾಗಿರುವ ಗುಂಪಿನಲ್ಲಿ ಕೆಲವರು ಕಟ್ಟುವುದನ್ನು ನಿಲ್ಲಿಸಿದರೆ ಉಳಿದವರು ಏನು ಮಾಡುತ್ತಾರೆ ಎಂಬುದು ಅವರ ಪ್ರಶ್ನೆ. ಗುಂಪಿನಲ್ಲಿ ಯಾವ ಸಮುದಾಯದವರು ಎಷ್ಟು ಮಂದಿ ಇದ್ದರು ಎಂಬುದು ಮರುಪಾವತಿಯ ಮೇಲೆ ಪರಿಣಾಮ ಬೀರಿತ್ತು. ಅಂಜುಮನ್‌ನ ಕರೆ ಮುಸ್ಲಿಮರಿಗೆ ಮಾತ್ರ. ಆದರೆ ಸಾಲದ ಹೊಣೆ ಇಡೀ ಗುಂಪಿನದು. ಅದೇ ಗುಂಪಿನಲ್ಲಿ ಪಕ್ಕದ ಮನೆಯ ಲಕ್ಷ್ಮಮ್ಮ ಇದ್ದರೆ ಅವರ ಪಾಡೇನು? ಕೊಟ್ಟ ಮಾತು ಉಳಿಸಿಕೊಳ್ಳುವುದನ್ನು ನಮ್ಮ ದೀನ್ ಎಷ್ಟು ಗಂಭೀರವಾಗಿ ಕಾಣುತ್ತದೆ ಎಂಬುದು ನಮಗೆ ಗೊತ್ತು. ಬಡ್ಡಿಯ ಬಗ್ಗೆ ಎಚ್ಚರಿಸುವುದು ಒಂದು, ತಂದ ಅಸಲನ್ನೇ ನಿಲ್ಲಿಸುವುದು ಇನ್ನೊಂದು. ಆ ಬಳಿಕ ಸಂಸ್ಥೆಗಳು ಅಲ್ಲಿ ಹೊಸ ಸಾಲ ಕೊಡಲು ಹಿಂಜರಿದವು. ಮೀಟರ್ ಬಡ್ಡಿಯವರಿಗೆ ಅಂಥ ಹಿಂಜರಿಕೆ ಇರುವುದಿಲ್ಲ.

ಎರಡು ತಿಂಗಳ ಬಿಡುವು

ಸಾಲದ ಮೊತ್ತದಷ್ಟೇ ಕಂತಿನ ಸಮಯವೂ ಮುಖ್ಯ ಎಂಬುದನ್ನು ಕೋಲ್ಕತಾದ ಒಂದು ಅಧ್ಯಯನ ತೋರಿಸಿತು. ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ಅಲ್ಲಿ 845 ಮಹಿಳೆಯರ ಸಾಲವನ್ನು ಎರಡು ಬಗೆಯಾಗಿ ಹಂಚಿದರು. ಕೆಲವರಿಗೆ ಎಂದಿನಂತೆ ಎರಡು ವಾರಕ್ಕೇ ಕಂತು ಶುರು. ಉಳಿದವರಿಗೆ ಮೊದಲ ಎರಡು ತಿಂಗಳು ಕಂತೇ ಇಲ್ಲ.

ಎರಡು ವಾರಕ್ಕೇ ಕಂತು ಕಟ್ಟಬೇಕಾದವಳು ಸಾಲದ ಒಂದು ಪಾಲನ್ನು ಡಬ್ಬಿಯಲ್ಲೇ ಇಟ್ಟುಕೊಳ್ಳಬೇಕಾಗುತ್ತದೆ. ಬಟ್ಟೆ ತಂದು, ಹೊಲಿದು, ಮಾರಿ, ಹಣ ಕೈಗೆ ಬರುವ ಮೊದಲೇ ಕಂತಿನ ದಿನ ಬಂದಿರುತ್ತದೆ. ಬಿಡುವು ಸಿಕ್ಕವರು ಹಣವನ್ನು ಪೂರ್ತಿಯಾಗಿ ವ್ಯಾಪಾರಕ್ಕೆ ಹಾಕಿದರು. ಮೂರು ವರ್ಷಗಳ ನಂತರ ಅವರ ಲಾಭ ಉಳಿದವರಿಗಿಂತ ಸುಮಾರು ಶೇ. 40ರಷ್ಟು ಹೆಚ್ಚಿತ್ತು. ಅದೇ ವೇಳೆ ಬಿಡುವು ಪಡೆದವರಲ್ಲಿ ಸುಸ್ತಿಯಾದವರೂ ಹೆಚ್ಚು. ಕಂಪನಿಗಳು ಬಿಡುವು ಕೊಡದಿರಲು ಇದೇ ಕಾರಣ: ಸಾಲಗಾರನ ಏಳಿಗೆಗಿಂತ ವಸೂಲಿಯ ಭದ್ರತೆ ಅವರಿಗೆ ಮುಖ್ಯ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದು ಅಲ್ ಬಕರ ಅಧ್ಯಾಯದ 280ನೇ ಸೂಕ್ತ ಕಲಿಸುತ್ತದೆ. ಲಾಭಕ್ಕಾಗಿ ನಡೆಯದ ಸಂಸ್ಥೆ ಮಾತ್ರ ಇಂಥ ಬಿಡುವಿನ ನಷ್ಟವನ್ನು ಹೊರಬಲ್ಲದು.

ಬಡ್ಡಿಯಿಲ್ಲದ ದಾರಿ

ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕೆಂದು 2008ರಲ್ಲಿ ರಘುರಾಮ್ ರಾಜನ್ ನೇತೃತ್ವದ ಸಮಿತಿ ಶಿಫಾರಸು ಮಾಡಿತ್ತು. 2017ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿತು. ಅಂಥ ಸಾಲಕ್ಕೆ ನಿಜವಾಗಿ ಬೇಡಿಕೆಯಿದೆಯೇ ಎಂದು ಜೋರ್ಡಾನ್‌ನಲ್ಲಿ ಡೀನ್ ಕಾರ್ಲನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಸಾಲ ಶರೀಅತ್‌ಗೆ ಅನುಗುಣವಾಗಿದೆ ಎಂದಾಗ ಅರ್ಜಿ ಹಾಕಿದವರ ಪ್ರಮಾಣ ಶೇ. 18ರಿಂದ ಶೇ. 22ಕ್ಕೆ ಏರಿತು. ಬೇಡಿಕೆ ಇದೆ. ಆದರೆ ಹೆಸರು ಬದಲಾದ ಮಾತ್ರಕ್ಕೆ ಎಲ್ಲರೂ ಓಡಿ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಕಂತು, ಮೊತ್ತ, ಸಮಯ ಹೊಂದಿಕೆಯಾಗದಿದ್ದರೆ ಬಡ್ಡಿಯಿಲ್ಲದ ಸಾಲವೂ ಹೊರೆಯೇ.

ತೀರಾ ಬಡವರ ವಿಷಯದಲ್ಲಿ ಸಂಶೋಧನೆ ಬೇರೆಯೇ ದಾರಿ ತೋರಿಸಿದೆ. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಕಡುಬಡ ಕುಟುಂಬಗಳಿಗೆ ಸಾಲದ ಬದಲು ಆಡು, ಹಸು ಅಥವಾ ಸಣ್ಣ ವ್ಯಾಪಾರದ ಸರಕನ್ನು ಉಚಿತವಾಗಿ ಕೊಟ್ಟರು. ಕೆಲವು ಕಾಲ ಊಟದ ಖರ್ಚಿಗೂ ನೆರವಾದರು. ಒಬ್ಬರು ಆಗಾಗ ಮನೆಗೆ ಬಂದು ಕಲಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾರ್ಯಕ್ರಮ ಮುಗಿದು ವರ್ಷವಾದ ಮೇಲೂ ಅವರ ಆದಾಯ, ಊಟ-ತಿಂಡಿ ಸುಧಾರಿಸಿಯೇ ಇತ್ತು. ಪಶ್ಚಿಮ ಬಂಗಾಳದ ಮುರ್ಶಿದಾಬಾದಿನಲ್ಲಿ ಹತ್ತು ವರ್ಷಗಳ ನಂತರವೂ ಅದರ ಫಲ ಉಳಿದಿತ್ತು. ಝಕಾತ್ ಹಂಚುವ ನಮಗೆ ಇದು ಹೊಸ ವಿಷಯವೇನಲ್ಲ. ಆದರೆ ಐವತ್ತು ಮನೆಗೆ ಸಾವಿರ ರೂಪಾಯಿಯಂತೆ ಹಂಚುವುದಕ್ಕೂ, ಒಂದೆರಡು ಮನೆಗೆ ದುಡಿಯುವ ಸಾಧನ ಕೊಟ್ಟು ಎರಡು ವರ್ಷ ಬೆನ್ನಿಗೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ಯೋಚಿಸಬೇಕು.

ಜಮಾಅತ್ ಮಾಡಬಹುದಾದದ್ದು

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ: ಎಲ್ಲ ಕಷ್ಟಕ್ಕೂ ಸಾಲ ಮದ್ದಲ್ಲ. ಆಸ್ಪತ್ರೆ ಬಿಲ್ಲಿಗೆ, ರೇಷನ್ನಿಗೆ ಪರದಾಡುವ ಮನೆಗೆ ಬೇಕಾದದ್ದು ಝಕಾತ್, ಸದಕ. ಅವರಿಗೆ ಸಾಲ ಕೊಟ್ಟರೆ ಕಷ್ಟ ಮುಂದಿನ ತಿಂಗಳಿಗೆ ಹೋಗುತ್ತದೆ ಅಷ್ಟೆ. ಈಗಾಗಲೇ ನಡೆಯುತ್ತಿರುವ ಸಣ್ಣ ವ್ಯಾಪಾರಕ್ಕೆ ಬೇಕಾದದ್ದು ಬಿಡುವಿರುವ ಕರ್ಝೆ ಹಸನ್. ಬೈತುಲ್ ಮಾಲ್ ಇರುವ ಜಮಾಅತ್‌ಗಳು ಹತ್ತಾರು ಜನರಿಗೆ ಐದೈದು ಸಾವಿರ ಕೊಡುವ ಬದಲು, ವ್ಯಾಪಾರ ಗೊತ್ತಿರುವ ಕೆಲವರಿಗೆ ಸಾಲುವಷ್ಟು ಕೊಟ್ಟು, ಮೊದಲ ಎರಡು ತಿಂಗಳು ಕೇಳದೆ, ನಂತರ ತಪ್ಪದೆ ವಸೂಲಿ ಮಾಡಬಹುದು. ವಾಪಸಾದ ಹಣ ಇನ್ನೊಬ್ಬರ ಬಂಡವಾಳ. ವ್ಯವಹಾರವನ್ನು ಬರೆದಿಡಬೇಕು. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಸಾಲದ ಬರವಣಿಗೆಯ ಬಗ್ಗೆ ಇದೆ.

ಬೆಳೆಯುತ್ತಿರುವ ವ್ಯಾಪಾರಕ್ಕೆ ಬೇಕಾದದ್ದು ಬ್ಯಾಂಕಿನೊಂದಿಗೆ ಒಡನಾಟ. ಅಧಿಕಾರಿಗೆ ನಮ್ಮ ಪರಿಚಯವಿಲ್ಲ ಎಂಬುದು ಅಡ್ಡಿಯಾದರೆ ಕಾಗದಪತ್ರವೇ ನಮ್ಮ ಪರಿಚಯ. ಉದ್ಯಮ್ ನೋಂದಣಿ, ಖಾತೆಯ ಮೂಲಕವೇ ವ್ಯವಹಾರ, ದಿನದ ಲೆಕ್ಕದ ಪುಸ್ತಕ: ಇದನ್ನು ಮಾಡಿಕೊಡಲು ಓದಿದ ಇಬ್ಬರು ಯುವಕರು ಜುಮಾ ನಂತರ ಒಂದು ಗಂಟೆ ಮಸೀದಿಯ ಕೋಣೆಯಲ್ಲಿ ಕುಳಿತರೆ ಸಾಕು. ಶಾಖೆಯ ಮ್ಯಾನೇಜರನ್ನು ವರ್ಷಕ್ಕೊಮ್ಮೆ ಮೊಹಲ್ಲಾಕ್ಕೆ ಕರೆದು ಅಂಗಡಿ, ಕಾರ್ಖಾನೆ ತೋರಿಸಲೂ ಖರ್ಚಿಲ್ಲ.

ಈಗಾಗಲೇ ಸಾಲದಲ್ಲಿರುವವರಿಗೆ

ಇದನ್ನು ಓದುತ್ತಿರುವ ಕೆಲವು ಮನೆಗಳಲ್ಲಿ ಕಂತಿನ ಕಾರ್ಡು ಇದ್ದೇ ಇರುತ್ತದೆ. ನಿಮ್ಮ ಹಕ್ಕುಗಳನ್ನು ತಿಳಿದಿರಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಕೊಡುವ ಅಡಮಾನವಿಲ್ಲದ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ವಸೂಲಿಗಾಗಿ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಷ್ಟರನ್ನು ಪೀಡಿಸುವುದು ನಿಷಿದ್ಧ. ಸಂಸ್ಥೆಗೆ ಬರೆದು ದೂರು ಕೊಟ್ಟರೂ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಯಿದೆ. ಬಲವಂತದ ವಸೂಲಿಯ ವಿರುದ್ಧ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿತ್ತು.

ಎಲ್ಲಕ್ಕಿಂತ ಮೊದಲು, ಈ ವಾರ ಮನೆಮಂದಿ ಒಟ್ಟಿಗೆ ಕುಳಿತು ಯಾರ ಹೆಸರಿನಲ್ಲಿ ಎಷ್ಟು ಸಾಲವಿದೆ, ಯಾವ ದಿನ ಎಷ್ಟು ಕಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಅಮ್ಮನ ತಲೆಯಲ್ಲಿ ಮಾತ್ರ ಇರುತ್ತದೆ. ಆ ಭಾರವನ್ನೂ ಅವರೊಬ್ಬರೇ ಹೊತ್ತಿರುತ್ತಾರೆ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವ ದಾರಿ ನೋಡಿ. ಹಳೆಯದನ್ನು ತೀರಿಸಲು ಹೊಸ ಸಾಲಕ್ಕೆ ಸಹಿ ಹಾಕುವ ಮೊದಲು ಆ ಹಾಳೆಯನ್ನು ನಂಬಿಕಸ್ತರೊಬ್ಬರಿಗೆ ತೋರಿಸಿ. ಜಮಾಅತ್‌ನ ಹಿರಿಯರು, ನಿಮ್ಮ ಬಳಿ ಅಂಥ ಹಾಳೆ ಹಿಡಿದು ಯಾರಾದರೂ ಬಂದರೆ, ಮೊದಲು ಕೂರಿಸಿ ಕೇಳಿ. ಬುದ್ಧಿಮಾತು ಆಮೇಲೆ ಹೇಳೋಣ.